ತರಗತಿಯ ಎತ್ತರದ ಗೋಡೆಗೆ ಚಾರ್ಟ್ ಹಾಕುವುದು ಹೇಗೆ: ಬೆಂಚು ಹತ್ತದೆ, ಬೀಳದೆ

ಆಗಸ್ಟ್ 14ರ ಸಂಜೆ, ಅಕ್ಟೋಬರ್ 31ರ ಸಂಜೆ, ಪ್ರತಿಭಾ ಕಾರಂಜಿಯ ಹಿಂದಿನ ದಿನ. ನಮ್ಮ ಶಾಲೆಗಳಲ್ಲಿ ಜನ ಬೆಂಚು ಹತ್ತುವ ಹೊತ್ತುಗಳಿವು. ಕತ್ತಲಾಗುವುದರೊಳಗೆ ತೋರಣ ಕಟ್ಟಬೇಕು, ಚಾರ್ಟ್ ಬದಲಿಸಬೇಕು, ಮನೆಗೆ ಹೋಗುವ ಬಸ್ಸು ಹಿಡಿಯಬೇಕು. ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ಅದರ ಮೇಲೆ ನಿಲ್ಲುತ್ತೇವೆ. ಎತ್ತರವೇನೂ ಹೆಚ್ಚಲ್ಲ, ಎರಡು ಮೂರು ಅಡಿ. ಆದರೆ ಅಲ್ಲಿಂದ ಬಿದ್ದವರು ಕೈಯೂರಿ ಮಣಿಕಟ್ಟು ಮುರಿದುಕೊಳ್ಳುವುದು, ಡೆಸ್ಕಿನ ಅಂಚಿಗೆ ತಲೆ ತಾಗಿಸಿಕೊಳ್ಳುವುದು ಸಾಮಾನ್ಯ.

ಒಳ್ಳೆಯ ಏಣಿ ಬೇಕು, ನಿಜ. ಅದಕ್ಕಿಂತ ಮೊದಲು ಹತ್ತುವ ಕೆಲಸವನ್ನೇ ಕಡಿಮೆ ಮಾಡಬೇಕು. ಪದೇ ಪದೇ ಬದಲಿಸುವುದನ್ನೆಲ್ಲ ಕೈಗೆಟುಕುವಂತೆ ಇಡಿ, ಇಲ್ಲವೇ ಕೈಯವರೆಗೆ ಇಳಿದು ಬರುವಂತೆ ಮಾಡಿ. ವರ್ಷಕ್ಕೊಮ್ಮೆ ಮುಟ್ಟುವುದು ಮಾತ್ರ ಮೇಲಿರಲಿ.

ಯಾವುದರ ಮೇಲೆ ನಿಲ್ಲಬಾರದು, ಏಕೆ

ಪ್ಲಾಸ್ಟಿಕ್ ಕುರ್ಚಿ ಮಾಡಿರುವುದು ಕೂರಲು. ಕೂತಾಗ ಭಾರ ನಾಲ್ಕೂ ಕಾಲಿಗೆ ಹಂಚಿಹೋಗುತ್ತದೆ. ಅಂಚಿನಲ್ಲಿ ನಿಂತು ಕೈ ಚಾಚಿದರೆ ಭಾರವೆಲ್ಲ ಒಂದೆರಡು ಕಾಲಿನ ಮೇಲೆ ಬಿದ್ದು, ಆ ಕಾಲುಗಳು ಹೊರಕ್ಕೆ ಬಾಗುತ್ತವೆ. ನುಣ್ಣನೆಯ ರೆಡ್ ಆಕ್ಸೈಡ್ ಅಥವಾ ಟೈಲ್ಸ್ ನೆಲದಲ್ಲಿ ಬಾಗಿದ ಕಾಲು ಜಾರಿಯೇ ಬಿಡುತ್ತದೆ. ಬಿಸಿಲಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಕುರ್ಚಿಯಾದರೆ ಕಾಲು ಸಿಡಿಯುವುದೂ ಉಂಟು.

ಬೆಂಚು ಮತ್ತು ಡೆಸ್ಕ್ ಒಂದೇ ಚೌಕಟ್ಟಿನಲ್ಲಿರುವ ಡ್ಯುಯಲ್ ಡೆಸ್ಕ್ ಗಟ್ಟಿಯಾಗಿಯೇ ಕಾಣುತ್ತದೆ. ಆದರೆ ಅದರ ಹಲಗೆ ಓರೆ, ಅಂಚು ಚೌಕಟ್ಟಿನ ಕಾಲಿಗಿಂತ ಹೊರಗೆ ಚಾಚಿರುತ್ತದೆ. ಆ ಅಂಚಿನ ಮೇಲೆ ನಿಂತರೆ ಇಡೀ ಡೆಸ್ಕ್ ಮಗುಚುತ್ತದೆ. ಮೇಜಿನ ಮೇಲೆ ಸ್ಟೂಲ್ ಇಡುವುದು ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಒಂದಲ್ಲ ಎರಡು ಕಡೆ ಜಾರಬಹುದು. ಕಿಟಕಿಯ ಸರಳು ಹಿಡಿದು ಕಟ್ಟೆಯ ಮೇಲೆ ನಿಲ್ಲುವುದು, ಬೀರುವಿನ ತಲೆಗೆ ಕೈಯೂರಿ ಜೋತುಬೀಳುವುದು ಕೂಡ ಬೇಡ. ಖಾಲಿ ಬೀರು, ಅದರಲ್ಲೂ ಬಾಗಿಲು ತೆರೆದಿದ್ದರೆ, ಮುಂದಕ್ಕೆ ಸಲೀಸಾಗಿ ಬಾಗಿ ಮೈಮೇಲೆ ಬರುತ್ತದೆ.

ಇನ್ನೊಂದು ಮಾತು ಖಡಾಖಂಡಿತ. ಏಳನೇ ತರಗತಿಯ ಎತ್ತರದ ಹುಡುಗನನ್ನು 'ಹತ್ತಪ್ಪಾ, ನೀನು ಹಗುರ ಇದ್ದೀಯ' ಎಂದು ಹತ್ತಿಸಬಾರದು. ಮಕ್ಕಳ ಕೈಲಿ ಮಾಡಿಸಬಹುದಾದ ಕೆಲಸ ನೆಲದ ಮೇಲೆ ಬೇಕಾದಷ್ಟಿದೆ: ಕತ್ತರಿಸುವುದು, ಅಂಟಿಸುವುದು, ಸಾಲಾಗಿ ಜೋಡಿಸಿ ಕೊಡುವುದು.

ಮೊದಲು ಗೋಡೆಗೆ ಕೈ ಗೆರೆ ಎಳೆಯಿರಿ

ಶಾಲೆಯಲ್ಲಿ ಎಲ್ಲರಿಗಿಂತ ಕುಳ್ಳಗಿರುವ ಶಿಕ್ಷಕರು ಗೋಡೆಗೆ ಮುಖ ಮಾಡಿ, ಹಿಮ್ಮಡಿ ಎತ್ತದೆ, ಕೈ ಮೇಲೆತ್ತಿ ನಿಲ್ಲಲಿ. ಬೆರಳ ತುದಿ ಮುಟ್ಟುವ ಜಾಗವಲ್ಲ, ಮಣಿಕಟ್ಟು ಬರುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಐದಡಿ ಎತ್ತರದವರ ಬೆರಳು ಆರೂಕಾಲು ಅಡಿಯ ಆಸುಪಾಸು ತಲುಪುತ್ತದೆ. ಆದರೆ ತುದಿಬೆರಳಲ್ಲಿ ಪಿನ್ ಒತ್ತಲು ಬಲ ಸಾಲದು. ನಿಜಕ್ಕೂ ಕೆಲಸ ಮಾಡಬಹುದಾದದ್ದು ಅರ್ಧ ಅಡಿ ಕೆಳಗೆ. ಗೋಡೆಯುದ್ದಕ್ಕೂ ಅದೇ ಎತ್ತರದಲ್ಲಿ ತೆಳುವಾಗಿ ಗೆರೆ ಎಳೆದುಬಿಡಿ.

ಈಗ ಕೋಣೆಯಲ್ಲಿರುವುದನ್ನೆಲ್ಲ ಒಮ್ಮೆ ಲೆಕ್ಕ ಹಾಕಿ. ನಲಿ-ಕಲಿ (ಕಿರಿಯ ತರಗತಿಗಳ ಚಟುವಟಿಕೆ ಆಧಾರಿತ ಕಲಿಕೆ) ಕೋಣೆಯಾದರೆ ಹವಾಮಾನ ನಕ್ಷೆ ದಿನಾ ತಿದ್ದುವಂಥದ್ದು, ಅದೂ ಮಕ್ಕಳೇ ತಿದ್ದುವಂಥದ್ದು. ನಾಲ್ಕಡಿಗಿಂತ ಮೇಲಿದ್ದರೆ ಅದರ ಉದ್ದೇಶವೇ ಕೆಟ್ಟಿತು. ಕಲಿಕೆಯ ಹಂತಗಳನ್ನು ತೋರಿಸುವ 'ಕಲಿಕಾ ಏಣಿ' ಚಾರ್ಟ್ ಮತ್ತು ಪ್ರಗತಿ ನೋಟವನ್ನು ಮಗು ಬೆರಳಿಟ್ಟು ನೋಡಬೇಕು, ಅವೂ ಕೆಳಗೇ ಇರಲಿ. ವೇಳಾಪಟ್ಟಿ, ಹಾಜರಾತಿ, ತಿಂಗಳ ಹುಟ್ಟುಹಬ್ಬಗಳ ಪಟ್ಟಿ ಗೆರೆಯ ಕೆಳಗೆ. ರಾಷ್ಟ್ರನಾಯಕರ ಫೋಟೊ, ನಾಡಗೀತೆಯ ಫಲಕ, ಜಿಲ್ಲೆಯ ಭೂಪಟದಂಥವು ಗೆರೆಯ ಮೇಲೆ ಹೋಗಬಹುದು.

ಅಕ್ಷರದ ಗಾತ್ರವೂ ಇದನ್ನೇ ಹೇಳುತ್ತದೆ. ಇಪ್ಪತ್ತಡಿ ದೂರದಿಂದ ಓದಬೇಕಾದರೆ ಮೂಲಾಕ್ಷರವೇ ಎರಡಿಂಚು ಎತ್ತರ ಬೇಕು. ಕನ್ನಡದಲ್ಲಿ ಒತ್ತಕ್ಷರ ಇನ್ನೂ ಚಿಕ್ಕದಾಗಿ ಕೆಳಗೆ ಕೂರುವುದರಿಂದ ಇದಕ್ಕಿಂತ ಕಿರಿದಾದರೆ ಹಿಂದಿನ ಸಾಲಿನ ಮಗುವಿಗೆ 'ಕ್ಷ'ವೂ 'ಕ್ಕ'ವೂ ಒಂದೇ. 22 ಇಂಚು ಅಗಲ, 28 ಇಂಚು ಉದ್ದದ ಪೂರ್ತಿ ಚಾರ್ಟ್ ಹಾಳೆಯಲ್ಲಿ ಈ ಗಾತ್ರದಲ್ಲಿ ಏಳೆಂಟು ಸಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ. ಸಣ್ಣಕ್ಷರದ ಚಾರ್ಟನ್ನು ಒಂಬತ್ತಡಿ ಎತ್ತರಕ್ಕೆ ಏರಿಸುವುದು ಭೇಟಿಗೆ ಬರುವ ಅಧಿಕಾರಿಗಳ ಕಣ್ಣಿಗೆ ಗೋಡೆ ತುಂಬಿದೆ ಎಂದು ತೋರಿಸಲು ಮಾತ್ರ. ಅದಕ್ಕಾಗಿ ಯಾರೂ ಬೆಂಚು ಹತ್ತಬೇಕಾಗಿಲ್ಲ.

ದೋಟಿ: ನೆಲದಲ್ಲೇ ನಿಂತು ತೂಗುಹಾಕಲು

ಮಾವಿನಕಾಯಿ ಕೀಳುವ ದೋಟಿಯ ಉಪಾಯವೇ ಇಲ್ಲಿಯೂ ಸಾಕು. ಗೋಡೆಯಲ್ಲಿ ಏಳೂವರೆಯಿಂದ ಎಂಟೂವರೆ ಅಡಿಯಲ್ಲಿ ಒಮ್ಮೆ ಕೊಕ್ಕೆ ಕೂರಿಸಿಬಿಟ್ಟರೆ ಮುಂದೆ ಚಾರ್ಟ್ ಬದಲಿಸಲು ಹತ್ತಬೇಕಿಲ್ಲ.

ಬೇಕಾದದ್ದು ನಾಲ್ಕೂವರೆ ಅಡಿಯ ನೇರ ಬಿದಿರು ಅಥವಾ ಪೊರಕೆಯ ಅಲ್ಯೂಮಿನಿಯಂ ಕೋಲು, 4 ಮಿ.ಮೀ. ದಪ್ಪದ ಒಂದಡಿ ತಂತಿ, ಕಟ್ಟುತಂತಿ, ಒಂದಿಂಚು ಅಗಲ ಅರ್ಧ ಇಂಚು ದಪ್ಪದ ಮರದ ರೀಪರ್ ಪಟ್ಟಿಗಳು, ಕರ್ಟನ್ ರಿಂಗುಗಳು ಮತ್ತು ಒಂದೂವರೆ ಇಂಚಿನ ಸ್ಕ್ರೂ ಕೊಕ್ಕೆಗಳು.

ದಪ್ಪ ತಂತಿಯ ತುದಿಯನ್ನು 'ವಿ' ಆಕಾರದ ಕವೆಯಾಗಿ ಬಗ್ಗಿಸಿ. ಕವೆಯ ಬಾಯಿ ಒಂದೂವರೆ ಇಂಚು ಅಗಲವಿರಲಿ. ಉಳಿದ ಭಾಗವನ್ನು ಕೋಲಿಗೆ ಆನಿಸಿ ಕಟ್ಟುತಂತಿಯಿಂದ ಎರಡು ಕಡೆ ಬಿಗಿಯಾಗಿ ಸುತ್ತಿ, ಚೂಪು ತುದಿಗಳ ಮೇಲೆ ಇನ್ಸುಲೇಶನ್ ಟೇಪ್ ಹಾಕಿ. ಚಾರ್ಟಿನ ಮೇಲಂಚಿಗೂ ಕೆಳಂಚಿಗೂ ಒಂದೊಂದು ರೀಪರ್ ಪಟ್ಟಿ ಅಂಟಿಸಿ. ಕೆಳಗಿನದು ಭಾರಕ್ಕೆ, ಗಾಳಿಗೆ ಹಾಳೆ ಸುರುಳಿಯಾಗದಿರಲಿ ಎಂದು. ಮೇಲಿನ ಪಟ್ಟಿಯ ಎರಡು ತುದಿಗೆ ದಾರ ಕಟ್ಟಿ ನಡುವೆ ಒಂದು ಕರ್ಟನ್ ರಿಂಗ್ ಪೋಣಿಸಿ, ರಿಂಗ್ ಸರಿದಾಡದಂತೆ ಗಂಟು ಹಾಕಿ. ಪಟ್ಟಿಯಿಂದ ರಿಂಗ್ ಎರಡು ಮೂರು ಇಂಚಿನಷ್ಟೇ ಮೇಲಿರಲಿ.

ರಿಂಗ್ ಬಿಟ್ಟು ಬರೀ ದಾರದ ಕುಣಿಕೆ ಹಾಕಿದರೆ ಕೆಲಸ ಕೆಡುತ್ತದೆ. ಕವೆಯಿಂದ ಎತ್ತಿದಾಗ ದಾರದ ಕುಣಿಕೆ ಮುಚ್ಚಿಕೊಂಡು ಕೊಕ್ಕೆಗೆ ಸಿಗುವುದೇ ಇಲ್ಲ. ಕೊನೆಗೆ ಬೇಸತ್ತು ಕುರ್ಚಿ ಎಳೆಯುತ್ತೇವೆ. ರಿಂಗ್ ಬಾಯಿ ತೆರೆದೇ ಇರುತ್ತದೆ. ಹಾಗೆಯೇ ಗೋಡೆಯ ಕೊಕ್ಕೆಯ ಬಾಯಿ ಮೇಲ್ಮುಖವಾಗಿ, ಗೋಡೆಯಿಂದ ಮುಕ್ಕಾಲು ಇಂಚು ಬಿಟ್ಟಿರಬೇಕು. ಪೂರ್ತಿ ತಿರುಗಿಸಿ ಗೋಡೆಗೆ ಅಂಟಿಸಿದ ಕೊಕ್ಕೆಗೆ ರಿಂಗ್ ಇಳಿಯದು.

ಕೊಕ್ಕೆ ಕೂರಿಸುವಾಗ ಗೋಡೆ ಯಾವುದೆಂದು ನೋಡಿ. ಸಿಮೆಂಟ್ ಗಿಲಾವಿನ ಗೋಡೆಗೆ 6 ಮಿ.ಮೀ. ಡ್ರಿಲ್ ಹಾಕಿ ಪ್ಲಾಸ್ಟಿಕ್ ಪ್ಲಗ್ ಕೂರಿಸಿ ಅದರೊಳಗೆ ಸ್ಕ್ರೂ ತಿರುಗಿಸಬೇಕು. ಹಳೆಯ ಗಾರೆ ಅಥವಾ ಮಣ್ಣಿನ ಗೋಡೆಯಲ್ಲಿ ಪ್ಲಗ್ ನಿಲ್ಲದು, ಪುಡಿಯಾಗಿ ಉದುರುತ್ತದೆ. ಕರಾವಳಿ, ಮಲೆನಾಡಿನ ಹಂಚಿನ ಮಾಡಿನ ಕೋಣೆಗಳಲ್ಲಿ ಮರದ ತೊಲೆಗೇ ಕೊಕ್ಕೆ ಹಾಕಿ ತಂತಿ ಇಳಿಬಿಡುವುದು ಒಳ್ಳೆಯದು.

ಇಳಿದು ಬರುವ ಕೋಲು

ಮಕ್ಕಳ ಚಿತ್ರ, ಬರಹ ತೂಗುಹಾಕುವ ಚಪ್ಪರದ ದಾರವನ್ನು ಗೋಡೆಯಿಂದ ಗೋಡೆಗೆ ಬಿಗಿದಿರುತ್ತಾರೆ. ದಾರ ಮಕ್ಕಳ ತಲೆಗೆ ತಾಗದಷ್ಟು ಮೇಲಿದ್ದರೆ ಕ್ಲಿಪ್ ಹಾಕಲು ಹತ್ತಬೇಕು. ದಾರವನ್ನೇ ಸಡಿಲ ಬಿಟ್ಟು ಇಳಿಸುತ್ತೇವೆ ಎಂದರೆ ನಡುಭಾಗ ಮಾತ್ರ ಜೋಲುತ್ತದೆ, ಎರಡು ತುದಿ ಅಲ್ಲೇ ಇರುತ್ತದೆ. ಪೂರ್ತಿ ಇಳಿಯಬೇಕಾದರೆ ದಾರದ ಬದಲು ಕೋಲು ಬೇಕು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಲು ಸೀಲಿಂಗಿಗೆ ಕಟ್ಟುವ, ಹಗ್ಗ ಎಳೆದರೆ ಮೇಲೇರುವ ಕೋಲಿನ ಕ್ರಮವೇ ಇದೂ.

ಆರಡಿ ಉದ್ದದ ಕೋಲಿಗೆ ಸಾಮಾನಿನ ಲೆಕ್ಕ ಹೀಗೆ: 20 ಮಿ.ಮೀ. ಪಿವಿಸಿ ಪೈಪ್ ಆರಡಿ (ಬಾಗದಿರಲೆಂದು ಒಳಗೆ ಸಣ್ಣ ಬಿದಿರು ತೂರಿಸಿ), ಒಂಟಿ ರಾಟೆ ಒಂದು, ಜೋಡಿ ರಾಟೆ ಒಂದು, 4 ಮಿ.ಮೀ. ದಪ್ಪದ ಹೆಣೆದ ಹಗ್ಗ 30 ಅಡಿ, ಹಗ್ಗ ಸುತ್ತಲು ಎರಡು ಕೊಂಬಿನ ಗೂಟ ಒಂದು.

1. ಗೋಡೆಯಲ್ಲಿ ಒಂಬತ್ತಡಿ ಎತ್ತರಕ್ಕೆ, ಆರಡಿ ಅಂತರದಲ್ಲಿ ರಾಟೆಗಳನ್ನು ಕೂರಿಸಿ. ಎಡಕ್ಕೆ ಒಂಟಿ, ಬಲಕ್ಕೆ ಜೋಡಿ. ರಾಟೆ ಗೋಡೆಯಿಂದ ಎರಡಿಂಚು ಹೊರಗಿರಲಿ, ಇಲ್ಲದಿದ್ದರೆ ಹಗ್ಗ ಗೋಡೆಗೆ ಉಜ್ಜಿ ಸವೆಯುತ್ತದೆ. ಇದೊಂದು ಕೆಲಸಕ್ಕೆ ಹತ್ತಲೇಬೇಕು. ಎಲೆಕ್ಟ್ರಿಷಿಯನ್ ಅಥವಾ ಬಡಗಿಯಿಂದ ಮಾಡಿಸಿ.

2. ಬಲ ರಾಟೆಯಿಂದ ಒಂದಡಿ ಪಕ್ಕಕ್ಕೆ, ನೆಲದಿಂದ ಐದೂವರೆ ಅಡಿಯಲ್ಲಿ ಗೂಟ ಕೂರಿಸಿ.

3. ಕೋಲಿನ ಎಡತುದಿಯ ಹಗ್ಗ ಎಡ ರಾಟೆಗೆ ಏರಿ, ಅಡ್ಡಲಾಗಿ ಬಲ ರಾಟೆಗೆ ಬಂದು, ಗೂಟಕ್ಕೆ ಇಳಿಯುತ್ತದೆ. ಇದಕ್ಕೆ 16 ಅಡಿ ಬೇಕು: ಕೋಲು ನಾಲ್ಕಡಿಗೆ ಇಳಿದಾಗ ಐದಡಿ, ಅಡ್ಡಕ್ಕೆ ಆರಡಿ, ಗೂಟದವರೆಗೆ ಮೂರೂವರೆ, ಕೈಯಲ್ಲಿ ಹಿಡಿಯಲು ಒಂದೂವರೆ. ಬಲತುದಿಯ ಹಗ್ಗ ನೇರ ಬಲ ರಾಟೆಗೆ ಏರಿ ಇಳಿಯುತ್ತದೆ, ಇದಕ್ಕೆ 10 ಅಡಿ ಸಾಕು. ಉಳಿದ ನಾಲ್ಕಡಿ ಗಂಟುಗಳಿಗೆ.

4. ಕೋಲನ್ನು ನಾಲ್ಕಡಿಯಲ್ಲಿ ಮಟ್ಟವಾಗಿ ಹಿಡಿದು, ಎರಡೂ ಹಗ್ಗದ ತುದಿಯನ್ನು ಕೂಡಿಸಿ ಒಂದೇ ಗಂಟು ಹಾಕಿ. ಇಲ್ಲಿ ಮಟ್ಟ ತಪ್ಪಿದರೆ ಮುಂದೆ ಪ್ರತಿ ಸಲವೂ ಕೋಲು ಓರೆಯಾಗಿಯೇ ಏರುತ್ತದೆ.

5. ಏಳೂವರೆ ಅಡಿಗೆ ಏರಿಸಿ, ಹಗ್ಗವನ್ನು ಗೂಟಕ್ಕೆ ಇಂಗ್ಲಿಷಿನ ಎಂಟರ ಆಕಾರದಲ್ಲಿ ಮೂರು ಸುತ್ತು ಸುತ್ತಿ. ಮೂರೂವರೆ ಅಡಿಯಷ್ಟು ಹಗ್ಗ ಹೆಚ್ಚಾಗುತ್ತದೆ. ಅದನ್ನೂ ಸುರುಳಿ ಮಾಡಿ ಗೂಟದ ಮೇಲೆಯೇ ಇಡಿ.

ಹಗ್ಗ ಜೋಲುಬಿಟ್ಟರೆ ಮಗು ಆಟಕ್ಕೆ ಕುತ್ತಿಗೆಗೆ ಸುತ್ತಿಕೊಂಡೀತು. ಗೂಟ ಐದೂವರೆ ಅಡಿ ಮೇಲಿರಬೇಕೆನ್ನುವುದು ಇದಕ್ಕೇ. ಕೋಲಿಗೆ ಕಾಗದ, ಬಟ್ಟೆ ಕ್ಲಿಪ್ ಬಿಟ್ಟು ಭಾರದ್ದೇನೂ ಬೇಡ, ಎರಡು ಕಿಲೋ ಮೀರದಿರಲಿ. ಏರಿಸುವಾಗ ಇಳಿಸುವಾಗ ಕೆಳಗೆ ಯಾರೂ ಕೂತಿರಬಾರದು. ಅಂಗಡಿಯ ಬಣ್ಣದ ಪ್ಲಾಸ್ಟಿಕ್ ಹಗ್ಗ ಅಗ್ಗ ನಿಜ, ಆದರೆ ಕಿಟಕಿಯ ಬಿಸಿಲಿಗೆ ಎಳೆ ಎಳೆಯಾಗಿ ಒಡೆಯುತ್ತದೆ. ಟರ್ಮ್ ಶುರುವಿಗೊಮ್ಮೆ ಹಗ್ಗವನ್ನು ಕೈಯಲ್ಲಿ ಸವರಿ ನೋಡಿ.

ಹತ್ತಲೇಬೇಕಾದಾಗ

ಶಾಲೆಗೊಂದು ಏಣಿ ಬೇಕು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಠರಾವು ಮಾಡಿ ಶಾಲಾ ಅನುದಾನದಲ್ಲಿ ಕೊಳ್ಳುವುದು ನೇರ ದಾರಿ. 'ಎ' ಆಕಾರದಲ್ಲಿ ಅಗಲಿಸಿ ನಿಲ್ಲಿಸುವ, ಮೇಲೆ ಸೊಂಟದ ಮಟ್ಟಕ್ಕೆ ಹಿಡಿಕೆ ಇರುವ ಏಣಿ ತೆಗೆದುಕೊಳ್ಳಿ. ಮೆಟ್ಟಿಲು ದುಂಡನೆಯ ಸರಳಾಗಿರದೆ ಅಂಗಾಲು ಊರುವಷ್ಟು ಅಗಲವಿರಲಿ. ಎಷ್ಟು ಭಾರ ತಡೆಯುತ್ತದೆಂದು ಏಣಿಯ ಮೇಲೆ ಬರೆದಿರುತ್ತದೆ. 150 ಕಿಲೋ ಇದ್ದರೆ ಸಾಕು. ಎಂಟಡಿ ಎತ್ತರದ ಕೆಲಸಕ್ಕೆ ಎರಡೂವರೆ ಅಡಿ ಏರಿದರೆ ಸಾಕು, ಅಂದರೆ ಮೂರು ಮೆಟ್ಟಿಲಿನದು. ಹತ್ತಡಿಯ ಕೆಲಸಕ್ಕೆ ಐದು ಮೆಟ್ಟಿಲು, ನಿಲ್ಲಲು ಅಗಲದ ಹಲಗೆ ಇರುವಂಥದ್ದು.

ಊರಿನಲ್ಲಿ ಸಿಗುವ ಬಿದಿರಿನ ಏಣಿ ಗೋಡೆಗೆ ಒರಗಿಸುವಂಥದ್ದು. ಚಾರ್ಟ್ ಕೆಲಸಕ್ಕೆ ಅದು ಹೊಂದುವುದಿಲ್ಲ, ಏಣಿಯೇ ಗೋಡೆಯನ್ನು ಮುಚ್ಚುವುದರಿಂದ ಪಕ್ಕಕ್ಕೆ ಚಾಚಿ ಕೆಲಸ ಮಾಡಬೇಕಾಗುತ್ತದೆ. ಅನಿವಾರ್ಯವಾದರೆ ನಾಲ್ಕಕ್ಕೊಂದು ಲೆಕ್ಕ ನೆನಪಿಡಿ: ಏಣಿ ಗೋಡೆಗೆ ತಾಗುವ ಜಾಗ ಎಂಟಡಿ ಮೇಲಿದ್ದರೆ ಬುಡ ಗೋಡೆಯಿಂದ ಎರಡಡಿ ಹೊರಗೆ. ಹೆಚ್ಚು ಹೊರಗಿಟ್ಟರೆ ಬುಡ ಜಾರುತ್ತದೆ, ಹತ್ತಿರ ಇಟ್ಟರೆ ಹಿಂದಕ್ಕೆ ಉರುಳುತ್ತದೆ. ಬುಡಕ್ಕೆ ಸೈಕಲ್ ಟ್ಯೂಬಿನ ತುಂಡು ಬಿಗಿಯಾಗಿ ಕಟ್ಟಿ; ಗೋಣಿಚೀಲ ಹಾಸುವುದು ಬೇಡ, ಏಣಿ ಚೀಲದ ಸಮೇತ ಜಾರುತ್ತದೆ. 'ಎ' ಏಣಿಯನ್ನು ಮಡಚಿ ಗೋಡೆಗೆ ಒರಗಿಸುವುದೂ ತಪ್ಪು, ಅದರ ರಬ್ಬರ್ ಪಾದಗಳು ಆ ಕೋನದಲ್ಲಿ ನೆಲಕ್ಕೆ ಪೂರ್ತಿ ಕೂರುವುದಿಲ್ಲ.

ಹತ್ತುವ ಕ್ರಮ ಹೀಗಿರಲಿ. ಮಕ್ಕಳು ಕೋಣೆಯಲ್ಲಿ ಇರಬಾರದು, ಇನ್ನೊಬ್ಬ ದೊಡ್ಡವರು ಇರಬೇಕು. ಒರೆಸಿದ ನೆಲ ಒಣಗಿರಬೇಕು. ನಾಲ್ಕೂ ಕಾಲು ಊರಿವೆಯೇ ಎಂದು ಏಣಿಯನ್ನು ಅಲ್ಲಾಡಿಸಿ ನೋಡಿ. ಶಹಾಬಾದ್ ಕಲ್ಲು ಹಾಸಿದ ಹಳೆಯ ಕೋಣೆಗಳಲ್ಲಿ ಒಂದು ಕಾಲು ಎತ್ತರ ತಗ್ಗಾಗುವುದು ಮಾಮೂಲು. ಅದರಡಿ ಪುಸ್ತಕ, ಕಲ್ಲುಚೂರು ಕೊಡಬೇಡಿ, ಏಣಿಯನ್ನೇ ಸ್ವಲ್ಪ ಸರಿಸಿ. ನಡುವಿನ ಬೀಗದ ಪಟ್ಟಿ ಪೂರ್ತಿ ಬಿದ್ದಿರಬೇಕು. ಏಣಿ ಗೋಡೆಗೆ ಅಡ್ಡಲಾಗಿ ನಿಲ್ಲದೆ ಮೆಟ್ಟಿಲೇರಿದಾಗ ಮುಖ ನೇರ ಗೋಡೆಗೆ ಬರುವಂತಿರಲಿ.

ಸೀರೆಯುಟ್ಟವರು ನೆರಿಗೆಯನ್ನು ಎರಡು ಮೂರು ಇಂಚು ಮೇಲೆತ್ತಿ ಸಿಕ್ಕಿಸಿ, ಸೆರಗನ್ನು ಸೊಂಟಕ್ಕೆ ಬಿಗಿಯಿರಿ. ಹತ್ತುವಾಗ ಏನೂ ಆಗದು. ಇಳಿಯುವಾಗ ಕಾಲಿಗೆ ಕಾಣದ ಅಂಚು ಮೆಟ್ಟಿಲಿಗೂ ಹಿಮ್ಮಡಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ದುಪಟ್ಟಾ ತೆಗೆದಿಡಿ. ಸಡಿಲ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಚಪ್ಪಟೆ ಪಾದರಕ್ಷೆ ಸಾಕು.

ಏರುವಾಗ ಎರಡು ಕಾಲು ಒಂದು ಕೈ, ಇಲ್ಲವೇ ಎರಡು ಕೈ ಒಂದು ಕಾಲು ಸದಾ ಏಣಿಯ ಮೇಲೆ. ಚಾರ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಏರಬೇಡಿ, ಕೆಳಗಿನವರು ಕೊಡಲಿ. ಪಿನ್ನನ್ನು ಬಾಯಲ್ಲಿ ಕಚ್ಚಿಕೊಳ್ಳುವ ಅಭ್ಯಾಸ ಬಿಡಿ; ಕುತ್ತಿಗೆಗೆ ಒಂದು ಚಿಕ್ಕ ಬಟ್ಟೆಚೀಲ ಸಾಕು. ತುದಿಯ ಮೆಟ್ಟಿಲು ಹಲಗೆಯಲ್ಲದಿದ್ದರೆ ಅದರ ಮೇಲೆ ನಿಲ್ಲುವಂತಿಲ್ಲ. ಕೈ ಎಷ್ಟು ಚಾಚಬಹುದು ಎಂಬುದಕ್ಕೆ ಹೊಕ್ಕುಳೇ ಅಳತೆ: ಅದು ಏಣಿಯ ಎರಡು ಕಂಬಗಳ ನಡುವೆಯೇ ಇರಬೇಕು. ಹೊರಗೆ ಹೋಯಿತೆಂದರೆ ಇಳಿದು ಏಣಿ ಸರಿಸಿ. 'ಇನ್ನೊಂದು ಪಿನ್ ಅಷ್ಟೇ' ಎನ್ನುವಾಗಲೇ ಬೀಳುವುದು.

ಕೆಳಗೆ ನಿಂತವರು ಏಣಿಯ ಪಕ್ಕದಲ್ಲಿ ನಿಲ್ಲಲಿ, ನೇರ ಅಡಿಯಲ್ಲಲ್ಲ. ಸುತ್ತಿಗೆ ಜಾರಿದರೆ ಅದು ಬೀಳುವುದು ಅವರ ಮುಖಕ್ಕೆ.

ಫ್ಯಾನು ಮತ್ತು ವೈರು

ಐದಡಿಯವರು ಎರಡೂವರೆ ಅಡಿ ಏರಿ ಕೈಯೆತ್ತಿದರೆ ಬೆರಳು ಒಂಬತ್ತಡಿಯ ಹತ್ತಿರ ಹೋಗುತ್ತದೆ. ತರಗತಿಯ ಫ್ಯಾನಿನ ರೆಕ್ಕೆ ತಿರುಗುವುದೂ ಸುಮಾರು ಅಲ್ಲೇ. ಆದ್ದರಿಂದ ಫ್ಯಾನ್ ಆಫ್ ಮಾಡದೆ ಏಣಿ ಬಿಚ್ಚಲೇಬೇಡಿ. ರೆಗ್ಯುಲೇಟರ್ ಸೊನ್ನೆಗೆ ತಿರುಗಿಸಿದರೆ ಸಾಲದು, ಸ್ವಿಚ್ ಆರಿಸಿ ಅದರ ಮೇಲೆ ಟೇಪ್ ಅಂಟಿಸಿ.

ನಮ್ಮಲ್ಲಿ ಹೆಚ್ಚು ಮೋಸ ಮಾಡುವುದು ಕರೆಂಟ್ ಹೋಗಿರುವ ಹೊತ್ತು. ಫ್ಯಾನ್ ನಿಂತೇ ಇದೆಯಲ್ಲ ಎಂದು ಸ್ವಿಚ್ ಹಾಗೇ ಬಿಟ್ಟು ಹತ್ತುತ್ತಾರೆ. ಕರೆಂಟ್ ಬಂದ ಕ್ಷಣ ರೆಕ್ಕೆ ತಿರುಗುತ್ತದೆ. ರೆಕ್ಕೆ ತಾಗದಿದ್ದರೂ ಬೆಚ್ಚಿದವರು ಬೀಳುತ್ತಾರೆ. ಕರೆಂಟ್ ಇಲ್ಲದಾಗಲೂ ಸ್ವಿಚ್ ನೋಡಿ.

ಸ್ವಿಚ್ ಬೋರ್ಡಿನಿಂದ ವೈರುಗಳು ಸಾಮಾನ್ಯವಾಗಿ ನೇರ ಮೇಲಕ್ಕೆ ಗೋಡೆಯೊಳಗೇ ಹೋಗುತ್ತವೆ. ಬೋರ್ಡಿನ ನೇರ ಮೇಲೆ ಕೆಳಗೆ, ಎರಡೂ ಬದಿಗೆ ಒಂದಡಿ ಜಾಗದಲ್ಲಿ ಮೊಳೆಯೂ ಬೇಡ, ಡ್ರಿಲ್ಲೂ ಬೇಡ. ಹೊರಗೆ ಕಾಣುವ ಹಳೆಯ ವೈರಿಂಗ್ ಇದ್ದಲ್ಲಿ ಅಲ್ಯೂಮಿನಿಯಂ ಏಣಿ ವೈರಿಗೆ ತಾಗದಂತೆ ದೂರವಿಡಿ. ಬಣ್ಣದ ಕಾಗದದ ಮಾಲೆಯನ್ನು ಫ್ಯಾನಿನ ಸಲಾಕೆಗೆ ಕಟ್ಟುವ ರೂಢಿ ಎಷ್ಟೋ ಕಡೆ ಇದೆ, ಅದನ್ನು ಬಿಟ್ಟೇಬಿಡಿ.

ತೊಡಕಿನ ಜಾಗಗಳು

ಕಪ್ಪುಹಲಗೆಯ ಮುಂದೆ ವೇದಿಕೆ ಇದ್ದರೆ ಏಣಿಯ ಎರಡು ಕಾಲು ವೇದಿಕೆಯ ಮೇಲೆ, ಎರಡು ಕಾಲು ಕೆಳಗೆ ಎಂದಾಗಬಾರದು. ನಾಲ್ಕೂ ವೇದಿಕೆಯ ಮೇಲೆ ಹಿಡಿಯದಿದ್ದರೆ ಅಲ್ಲಿ ದೋಟಿಯೇ ಗತಿ. ಬಾಗಿಲ ಮೇಲಿನ ಕೆಲಸಕ್ಕೆ ಬಾಗಿಲನ್ನು ಚಿಲಕ ಹಾಕಿ. ತೆರೆದೇ ಇಡಬೇಕಾದರೆ ಹೊರಗೊಬ್ಬರು ನಿಲ್ಲಲಿ. ಮೆಟ್ಟಿಲ ಸಾಲಿನ ಗೋಡೆ ಎಲ್ಲಕ್ಕಿಂತ ಅಪಾಯ. ಅಲ್ಲಿ ಏಣಿ ನಿಲ್ಲುವುದೇ ಇಲ್ಲ, ಬಿದ್ದರೆ ಎರಡಡಿಯಲ್ಲ, ಇಡೀ ಮಹಡಿಯಷ್ಟು ಉರುಳುತ್ತಾರೆ. ಆ ಗೋಡೆಗೆ ಕೈ ಎಟುಕುವಷ್ಟು ಮಾತ್ರ ಹಾಕಿ, ಮೇಲಿನದನ್ನು ಸಾರವೆ ಕಟ್ಟಿ ಕೆಲಸ ಮಾಡುವ ಪೇಂಟರಿನಿಂದ ಬರೆಸಿಬಿಡಿ. ಬೀರುವಿನ ಹಿಂದಿನ ಮೂಲೆಗೆ ಬಗ್ಗಿ ತೂರುವ ಬದಲು ಇಬ್ಬರು ಸೇರಿ ಬೀರು ಸರಿಸಿ. ಮಹಡಿಯ ಕೋಣೆಯಲ್ಲಿ ಸರಳಿಲ್ಲದ ಕಿಟಕಿಯ ಪಕ್ಕ ಏಣಿ ಹಾಕುವುದು ಬೇಡವೇ ಬೇಡ.

ಜಯಂತಿಗಳಿಗೆ ಫೋಟೊಗೆ ಹಾರ ಹಾಕಲು ಹತ್ತುವುದುಂಟು. ಗಾಜಿನ ಚೌಕಟ್ಟನ್ನು ಮೇಲೇ ಹಿಡಿದು ಹಾರ ಹೊಂದಿಸುವಾಗ ಎರಡೂ ಕೈ ಏಣಿ ಬಿಟ್ಟಿರುತ್ತವೆ. ಪೂಜೆಗೆ, ಪುಷ್ಪಾರ್ಚನೆಗೆ ಮೇಜಿನ ಮೇಲಿಡಲು ಬೇರೆಯೇ ಒಂದು ಚಿಕ್ಕ ಫೋಟೊ ಇಟ್ಟುಕೊಂಡರೆ ಈ ಕೆಲಸವೇ ಇಲ್ಲ.

ಅಂಟು ಬಿಡುವುದು, ಪಿನ್ ಬೀಳುವುದು

ಒಮ್ಮೆ ಹಾಕಿದ್ದು ವಾರದಲ್ಲೇ ಬಿದ್ದರೆ ಮತ್ತೆ ಹತ್ತಬೇಕು. ಆದ್ದರಿಂದ ಅಂಟಿಸುವ ಬಗೆಯೂ ಸುರಕ್ಷತೆಯ ಮಾತೇ. ಸುಣ್ಣ, ಡಿಸ್ಟೆಂಪರ್ ಬಳಿದ ಗೋಡೆಗೆ ಡಬಲ್ ಸೈಡ್ ಟೇಪ್ ಹಿಡಿದುಕೊಳ್ಳುವುದು ಬಣ್ಣದ ಪುಡಿಯನ್ನು, ಗೋಡೆಯನ್ನಲ್ಲ. ಮಳೆಗಾಲದ ತೇವಕ್ಕೆ ಪುಡಿಯ ಸಮೇತ ಕಳಚುತ್ತದೆ. ಮೈದಾ ಅಂಟಿಗೆ ಜಿರಲೆ, ಇಲಿ ಬರುತ್ತವೆ. ಕೈ ಗೆರೆಯ ಎತ್ತರದಲ್ಲಿ ಗೋಡೆಯುದ್ದಕ್ಕೂ ರೀಪರ್ ಪಟ್ಟಿಯೊಂದನ್ನು ಎರಡಡಿಗೊಂದು ಸ್ಕ್ರೂ ಹಾಕಿ ಕೂರಿಸಿದರೆ ಪಿನ್ನೆಲ್ಲ ಮರಕ್ಕೇ ಚುಚ್ಚಬಹುದು, ಗೋಡೆಯ ತಂಟೆಯೇ ಇಲ್ಲ.

ನಲಿ-ಕಲಿ ಮಕ್ಕಳು ಕೂರುವುದು ನೆಲದ ಮೇಲೆ, ಅದೂ ಬರಿಗಾಲಲ್ಲಿ. ಕೆಲಸ ಮುಗಿದ ಮೇಲೆ ಕಸಗುಡಿಸಿದರೂ ಚಾಪೆಯ ಅಂಚಿನಲ್ಲಿ ಪಿನ್ ಉಳಿಯುತ್ತದೆ. ಹಳೆಯ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ನೆಲದ ಮೇಲೆ ಎಳೆದಾಡಿ. ಎಷ್ಟು ಪಿನ್ ತೆಗೆದುಕೊಂಡಿರಿ, ಎಷ್ಟು ಚುಚ್ಚಿದಿರಿ ಎಂದು ಎಣಿಸಿಟ್ಟರೆ ಇನ್ನೂ ಒಳ್ಳೆಯದು.

ಬಿದ್ದರೆ

ಬಿದ್ದವರನ್ನು ತಟ್ಟನೆ ಎಬ್ಬಿಸಿ ಕೂರಿಸಬೇಡಿ. ಕುತ್ತಿಗೆ, ಬೆನ್ನು ನೋವೆಂದರೆ, ಕೈಕಾಲು ಜೋಮು ಎಂದರೆ ಮಲಗಿದ್ದಂತೆಯೇ ಬಿಟ್ಟು 108ಕ್ಕೆ ಕರೆ ಮಾಡಿ. ತಲೆಗೆ ಪೆಟ್ಟಾಗಿ ವಾಂತಿ, ಮಂಪರು, ಮಾತಿನ ತೊದಲು ಕಂಡರೆ ಆಗಿಂದಾಗಲೇ ಆಸ್ಪತ್ರೆ. ಪೆಟ್ಟು ಬಿದ್ದು ಗಂಟೆಗಳಾದ ಮೇಲೂ ಇವು ಕಾಣಿಸಬಹುದು, ಆದ್ದರಿಂದ ಆ ರಾತ್ರಿ ಅವರು ಒಬ್ಬರೇ ಇರುವುದು ಬೇಡ. ಮಣಿಕಟ್ಟು ಊದಿದರೆ ತಿಕ್ಕಬೇಡಿ, ಎಣ್ಣೆ ಹಚ್ಚಬೇಡಿ, ಸ್ಕೇಲೊಂದನ್ನು ಆನಿಸಿ ಬಟ್ಟೆಯಲ್ಲಿ ಅಲ್ಲಾಡದಂತೆ, ಆದರೆ ತೀರಾ ಬಿಗಿಯಾಗದಂತೆ ಕಟ್ಟಿ ಎಕ್ಸ್‌ರೇಗೆ ಕರೆದೊಯ್ಯಿರಿ.

ಏಣಿಯನ್ನು ಮುಖ್ಯ ಶಿಕ್ಷಕರ ಕೋಣೆಯಲ್ಲೋ ದಾಸ್ತಾನು ಕೋಣೆಯಲ್ಲೋ ಅಡ್ಡ ಮಲಗಿಸಿ, ಬೀಗ ಹಾಕಿಡಿ. ಕಾರಿಡಾರಿನಲ್ಲಿ ಒರಗಿಸಿಟ್ಟ ಏಣಿಯನ್ನು ಊಟದ ಬಿಡುವಿನಲ್ಲಿ ಮಕ್ಕಳು ಹತ್ತಿಯೇ ಹತ್ತುತ್ತಾರೆ. ದೋಟಿಯನ್ನು ಬೀರುವಿನ ಹಿಂದೆ, ಕವೆ ಮೇಲಕ್ಕಾಗಿ ನಿಲ್ಲಿಸಿಡಿ.